ಹಳೆಯ ಲ್ಯಾಪ್‌ಟಾಪಿನ ಜೊತೆ ಹೋದ ದಡಿಗಳು

ಇಳಕಲ್ಲಿನ ಓಣಿಯಲ್ಲಿ ಮಗ್ಗಗಳು ಇನ್ನೂ ಸದ್ದು ಮಾಡುತ್ತಿಲ್ಲ. ನೇಕಾರ ಇಮಾಮಹುಸೇನ ಅವರ ಪಡಸಾಲೆಯಲ್ಲಿ ದಾನೇಶ್ವರಿ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್. ಮಗ್ಗದ ನೆತ್ತಿಯಿಂದ ಇಳಿಬಿದ್ದ ರಟ್ಟಿನ ಕಾರ್ಡುಗಳ ಸರವನ್ನು ಒಂದೊಂದಾಗಿ ಬಲ್ಬಿನ ಬೆಳಕಿಗೆ ಹಿಡಿಯುತ್ತಾರೆ. ಬೆಳಕು ತೂರಿ ಬಂದಲ್ಲಿ ಪರದೆಯ ಮೇಲೆ ಒಂದು ಚೌಕವನ್ನು ಕಪ್ಪು ಮಾಡುತ್ತಾರೆ. ತೂತು, ತೂತು, ಖಾಲಿ, ತೂತು ಎಂದು ತುಟಿ ಆಡುತ್ತಿರುತ್ತದೆ.

ಸೀರೆಯ ಅಂಚಿಗೆ ಇಲ್ಲಿ ದಡಿ ಎನ್ನುತ್ತಾರೆ. ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂದು ಮಗ್ಗಕ್ಕೆ ಹೇಳುವುದು ಈ ತೂತುಗಳು. ದಾನೇಶ್ವರಿ ಅವನ್ನು ಓದಿ, ತೀರಿಹೋದ ಗಂಡ ಬಿಡಿಸಿದ್ದ ದಡಿಗಳನ್ನು ಮತ್ತೆ ಲ್ಯಾಪ್‌ಟಾಪಿಗೆ ತರುತ್ತಿದ್ದಾರೆ.

ಒಂದು ಚೌಕ ತಪ್ಪುತ್ತದೆ. ಅಳಿಸಲು ಬೆರಳು ಬಲಗಡೆಯ ಮೂಲೆಗೆ ಹೋಗುತ್ತದೆ. ಪರದೆ ಪೂರಾ ಕಪ್ಪಾಗುತ್ತದೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಮೂಲೆಯಲ್ಲಿದ್ದದ್ದು ಅಳಿಸುವ ಗುಂಡಿ. ಬೇರೆ ಕಂಪನಿಯ ಈ ಹೊಸದರಲ್ಲಿ ಅದೇ ಜಾಗದಲ್ಲಿ ಲ್ಯಾಪ್‌ಟಾಪನ್ನೇ ಆರಿಸುವ ಗುಂಡಿ ಇದೆ.

"ಮತ್ತ ಮಲಗಿಸಿದ್ರೇನ್ರಿ ಅಕ್ಕಾರ?" ಇಮಾಮಹುಸೇನ ಚಹಾ ಹಿಡಿದುಕೊಂಡೇ ಕೇಳುತ್ತಾರೆ.

"ಬೀಗರ ಮನಿ ಇದ್ದಂಗ ಐತಿ ಇದು. ಏನ್ ಮುಟ್ಟಿದ್ರ ಏನಾಗ್ತೈತೋ."

"ನೀವು ಬೀಗರ ಮನ್ಯಾಗ ಆರಾಮ ಇರ್ರಿ. ನನ್ನ ಮಗ್ಗ ಮಾತ್ರ ನನಗ ಬಿಡ್ರಿ. ಸೀರಿ ಅರ್ಧಕ್ಕ ನಿಂತೈತಿ."

ಮಗ್ಗ ಶುರುವಾದರೆ ಕಾರ್ಡುಗಳು ತಿರುಗುತ್ತವೆ, ಓದಲಾಗುವುದಿಲ್ಲ. ಅದಕ್ಕೇ ದಾನೇಶ್ವರಿ ಸೂರ್ಯ ಹುಟ್ಟುವ ಮೊದಲೇ ಯಾರದಾದರೂ ಮನೆಯ ಕುಣಿಗೆ ಇಳಿದಿರುತ್ತಾರೆ. ಇವತ್ತು ಇಲ್ಲಿ, ನಾಳೆ ಹುನಗುಂದದ ಒಂದು ಮನೆ.

ತವರು ಹುನಗುಂದವೇ. ಪಿಯುಸಿ ಮುಗಿಸಿ ಇಳಕಲ್ಲಿಗೆ ಮದುವೆಯಾಗಿ ಬಂದರು. ಗಂಡ ಅನಿಲಕುಮಾರ ಮೊದಲು ಕಾರ್ಡಿಗೆ ತೂತು ಹೊಡೆಯುವ ಕೆಲಸಗಾರ. ಆಮೇಲೆ ಬಳಸಿದ ಲ್ಯಾಪ್‌ಟಾಪ್ ಒಂದನ್ನು ತಂದು, ತಾನೇ ಕಲಿತು, ದಡಿಗಳನ್ನು ಬಿಡಿಸತೊಡಗಿದರು. ಪಕ್ಕದಲ್ಲಿ ಕೂತು ಹೆಂಡತಿಯೂ ಕಲಿತರು. ಅವರು ಬಿಡಿಸಿದ ದಡಿಯ ಸೀರೆಗಳು ಎಲ್ಲೆಲ್ಲಿಗೋ ಹೋಗುತ್ತವೆ. ಸೀರೆಯ ಚೀಟಿಯ ಮೇಲೆ ಅಂಗಡಿಯ ಹೆಸರಿರುತ್ತದೆ. ಕೆಲವೊಮ್ಮೆ ನೇಕಾರರ ಹೆಸರೂ ಇರುತ್ತದೆ. ದಡಿ ಬಿಡಿಸಿದವರ ಹೆಸರು ಹಾಕುವ ರೂಢಿಯೇ ಇಲ್ಲ.

ಅನಿಲಕುಮಾರರ ಕಿಡ್ನಿ ಕೆಟ್ಟವು. ಡಯಾಲಿಸಿಸ್‌ಗೆ ವಾರಕ್ಕೆರಡು ಸಲ ಬಾಗಲಕೋಟೆಗೆ ಬಸ್ಸು. ಎಡಗೈಗೆ ಸೂಜಿ, ಬಲಗೈ ಲ್ಯಾಪ್‌ಟಾಪಿನ ಮೇಲೆ. "ನರ್ಸಬಾಯಿ ಬೈತಿದ್ಳ್ರಿ. ಇದು ದವಾಖಾನಿ, ನಿಮ್ಮ ಆಫೀಸಲ್ಲ ಅಂತ. ಸೀರಿ ಉಡ್ತೀರೋ ಇಲ್ಲೋ, ಉಡೋದಾದ್ರ ಸುಮ್ನಿರ್ರಿ ಅಂತಿದ್ರು ಇವ್ರು." ದಾನೇಶ್ವರಿ ನಗುತ್ತಾರೆ, ಬೇಗ ನಿಲ್ಲಿಸುತ್ತಾರೆ. ಹೋದ ವರ್ಷದ ಹಿಂದಿನ ವರ್ಷ, ಮಳೆಗಾಲದಲ್ಲಿ ಅನಿಲಕುಮಾರ ತೀರಿಕೊಂಡರು.

ಕೆಲಸವನ್ನು ಹೆಂಡತಿ ಮುಂದುವರಿಸಿದರು. ಈ ವರ್ಷ ಲ್ಯಾಪ್‌ಟಾಪಿನ ಸರದಿ. ಬ್ಯಾಟರಿ ಉಬ್ಬಿತು, ಪರದೆಯ ಕೀಲು ಮುರಿಯಿತು. ಆ ಕಂಪನಿಯ ಬಿಡಿಭಾಗ ಸಿಗುವುದಿಲ್ಲ, ಹಳೆಯದನ್ನು ಕೊಟ್ಟು ಬೇರೆ ಕಂಪನಿಯದನ್ನು ಒಯ್ಯಿರಿ ಎಂದರು ಬಾಗಲಕೋಟೆಯ ಅಂಗಡಿಯವರು.

ದಾನೇಶ್ವರಿಯ ಅತ್ತೆಯ ಮನೆಯಲ್ಲಿ ಒಂದು ರೂಢಿಯಿದೆ. ಮಗ್ಗವನ್ನು ಬೇರೆಯವರಿಗೆ ಕೊಡುವಾಗ ಅದರ ಮೇಲೆ ಒಂದೆಳೆಯನ್ನೂ ಬಿಡಬಾರದು. ತಮ್ಮ ನೂಲು ಇನ್ನೊಬ್ಬರ ಮನೆಗೆ ಹೋದರೆ ಆ ಮನೆಯ ಕೈ ಕಟ್ಟಿದಂತೆ ಎಂಬ ನಂಬಿಕೆ. ದಾನೇಶ್ವರಿ ಲ್ಯಾಪ್‌ಟಾಪನ್ನೂ ಹಾಗೆಯೇ ಕೊಟ್ಟರು. ಹಿಂದಿನ ದಿನ ಪರದೆಯ ಮೇಲಿದ್ದ ಚಿತ್ರಗಳನ್ನೆಲ್ಲ ಪೆನ್‌ಡ್ರೈವಿಗೆ ಎಳೆದು ಹಾಕಿದ್ದರು. ಅಂಗಡಿಯಲ್ಲಿ ಕೂತು, "ಎಲ್ಲಾ ಒರಸಿಬಿಡ್ರಿ, ಒಂದೆಳಿ ಉಳಸಬ್ಯಾಡ್ರಿ" ಎಂದರು. ಬೇಕಾದ್ದನ್ನೆಲ್ಲ ತೆಗೆದುಕೊಂಡಿರಾ ಎಂದು ಅಂಗಡಿಯವರು ಎರಡು ಸಲ ಕೇಳಿದರು. ದಾನೇಶ್ವರಿ ಪೆನ್‌ಡ್ರೈವ್ ಎತ್ತಿ ತೋರಿಸಿದರು.

ಮನೆಗೆ ಬಂದು ಹೊಸದರಲ್ಲಿ ತೆರೆದರೆ ಹೆಸರುಗಳಿವೆ, ಒಳಗೆ ಏನೂ ಇಲ್ಲ. ಪರದೆಯ ಮೇಲಿದ್ದವು ಫೈಲುಗಳಿಗೆ ದಾರಿ ತೋರಿಸುವ ಗುರುತುಗಳು ಅಷ್ಟೇ. ಫೈಲುಗಳು ಬೇರೆ ಕಡೆ ಇದ್ದವು.

"ಮನಿ ಬಾಗಿಲದ ಬೋರ್ಡ್ ಅಷ್ಟ ಕಿತ್ತಗೊಂಡು ಬಂದಿದ್ನಿರಿ. ಮನಿ ಅಲ್ಲೇ ಬಿಟ್ಟು ಬಂದಿದ್ದೆ. ಅದಕ್ಕ ಬೆಂಕಿ ಹಚ್ರಿ ಅಂತ ನಾನ ಹೇಳಿದ್ದೆ."

ಮರುದಿನ ಮೊದಲ ಬಸ್ಸಿಗೆ ಓಡಿದರು. ಅಂಗಡಿಯವರು ಪಾಪ, ಸಂಜೆಯವರೆಗೂ ಹುಡುಕಿದರು. ಏನೂ ಸಿಗಲಿಲ್ಲ.

ಉಳಿದದ್ದು ಕಾರ್ಡುಗಳು. ಅನಿಲಕುಮಾರರ ದಡಿಗಳನ್ನು ಯಾರು ಯಾರು ನೇಯುತ್ತಿದ್ದಾರೋ ಅವರ ಮಗ್ಗದ ಮೇಲೆ ಅವು ಇನ್ನೂ ತೂಗಾಡುತ್ತಿವೆ. ಒಂದು ದಡಿ ಓದಿ ಮುಗಿಸಲು ನಾಲ್ಕೈದು ಬೆಳಗುಗಳು ಬೇಕು. ಇಮಾಮಹುಸೇನರ ಸರದಲ್ಲಿ ಒಂದು ಕಾರ್ಡಿನ ತಪ್ಪು ತೂತಿಗೆ ಬಾಗಲಕೋಟೆಯ ಬಸ್ ಟಿಕೀಟಿನ ಚೂರು ಅಂಟಿಸಿದೆ. "ನಾ ತಪ್ಪು ಹೊಡಿಯಂಗೇ ಇಲ್ಲ ಅಂತಿದ್ರು ಇವ್ರು. ಸಿಕ್ಕಬಿದ್ರು ನೋಡ್ರಿ ಈಗ," ಎನ್ನುತ್ತಾ ದಾನೇಶ್ವರಿ ಅದರ ಮೇಲೆ ಹೆಬ್ಬೆರಳು ಒತ್ತುತ್ತಾರೆ. ಅಂಟು ಒಣಗಿದೆ. ಚೂರು ಏಳದಂತೆ ಮತ್ತೆ ಅಂಟಿಸುತ್ತಾರೆ.

ಸಿಗದೇ ಇರುವ ದಡಿ ಒಂದಿದೆ. ಅನಿಲಕುಮಾರ ಡಯಾಲಿಸಿಸ್ ಕುರ್ಚಿಯಲ್ಲಿ ಕೊನೆಗೆ ಬಿಡಿಸಿದ್ದು. ಬಾಗಲಕೋಟೆಯ ಹಿನ್ನೀರಿನಲ್ಲಿ ಒಂಟಿಕಾಲಿನ ಮೇಲೆ ನಿಂತ ಕೊಕ್ಕರೆಗಳ ಸಾಲು. ಬಸ್ಸಿನ ಕಿಟಕಿಯಿಂದ ಕಂಡದ್ದು. ಪಕ್ಕದ ಓಣಿಯ ಹಿರಿಯ ನೇಕಾರ್ತಿ ಮರೆವ್ವ ಅದನ್ನು ತನ್ನ ಮಗ್ಗಕ್ಕೆ ಕೇಳಿದ್ದರು. ದಾನೇಶ್ವರಿ ಕೊಡಲಿಲ್ಲ, ಕಾರ್ಡು ಹೊಡೆಸಲೂ ಇಲ್ಲ.

"ಇದೊಂದು ನನಗ ಇರ್ಲಿ ಅನಿಸ್ತು. ಅವತ್ತು ಕೊಟ್ಟಿದ್ರ ಇವತ್ತು ಆಕಿ ಮಗ್ಗದ ಮ್ಯಾಲೆ ಇರ್ತಿತ್ತು. ನೆಪ್ಪಿನ ಮ್ಯಾಲೆ ಬಿಡಸಾಕ ಕುಂತೇನಿ, ಭಾಳ ಸಲ. ಕೊಕ್ಕರಿ ಬರ್ತಾವು. ಆ ಕಾಲು ಬರಂಗಿಲ್ಲ. ನನ್ನ ಕೊಕ್ಕರಿ ಆಗ್ತಾವು, ಅವರವಲ್ಲ."

ಮಧ್ಯಾಹ್ನ ಮರೆವ್ವನ ಮನೆ. ದಾನೇಶ್ವರಿ ತಾವೇ ಬಿಡಿಸಿದ ಹೊಸ ದಡಿಯೊಂದರ ಕಾರ್ಡುಗಳನ್ನು ತಂದಿದ್ದಾರೆ. ತೂತು ಹೊಡೆದ ರಟ್ಟಿನ ಧೂಳು ಇನ್ನೂ ಹೋಗಿಲ್ಲ.

"ಇದನ್ನರೆ ಕೊಡ್ತಿಯೋ, ಟ್ರಂಕಿನ್ಯಾಗ ಇಡ್ತಿಯೋ?" ಮರೆವ್ವ ಕೈ ಚಾಚದೆಯೇ ಕೇಳುತ್ತಾರೆ.

"ನಿನ್ನೆ ರಾತ್ರಿ ಮುಗದೈತಿ, ಇವತ್ತು ತಂದೇನಿ. ಇನ್ನೇನ್ ಬೇಕು ನಿನಗ?"

"ಆ ಕೊಕ್ಕರಿ ಬೇಕಿತ್ತು."

ಆಡಬಾರದಿತ್ತೆಂದು ಮರೆವ್ವನಿಗೆ ಆಡಿದ ಮೇಲೆ ಗೊತ್ತಾಗಿದೆ. ಕಾರ್ಡುಗಳನ್ನು ತೆಗೆದುಕೊಂಡು, ಸೆರಗಿನಿಂದ ಒರೆಸಿ, ಹೊಲಿಯಲು ದಾರ ಹುಡುಕುತ್ತಾರೆ. ಇಬ್ಬರೂ ಕೂತು ಕಾರ್ಡಿಗೆ ಕಾರ್ಡು ಹೊಲಿಯುತ್ತಾರೆ.

ಅನಿಲಕುಮಾರರ ದಡಿಗಳಲ್ಲಿ ಅರ್ಧದಷ್ಟು ಮರಳಿ ಬಂದಿವೆ. ಉಳಿದವುಗಳ ಕಾರ್ಡು ಯಾರ ಮನೆಯಲ್ಲಿವೆಯೋ ತಿಳಿಯದು. ಕೆಲವರು ಮಗ್ಗ ಬಿಟ್ಟಿದ್ದಾರೆ, ಕೆಲವರು ಊರು ಬಿಟ್ಟಿದ್ದಾರೆ. ಹೋದ ವಾರ ಹುನಗುಂದದ ಒಂದು ಮನೆಗೆ ದಾನೇಶ್ವರಿ ಹೋದಾಗ, ಕಾರ್ಡುಗಳು ಸ್ನಾನದ ನೀರು ಕಾಸಲು ಉರಿದುಹೋಗಿದ್ದವು. ಒಣ ರಟ್ಟು, ಚೆನ್ನಾಗಿ ಉರಿಯುತ್ತದೆ.

ಪತ್ರಿಕೆಗೆ ಒಂದು ಫೋಟೋ ಎಂದರೆ ದಾನೇಶ್ವರಿ ಬೇಡವೆನ್ನುತ್ತಾರೆ.

"ನನ್ನ ಮಾರಿ ಯಾಕ್ರಿ? ಜಾಗ ಇದ್ರ ಇಷ್ಟು ಬರೀರಿ. ಯಾರ ಮನ್ಯಾಗರೆ ಅಟ್ಟದ ಮ್ಯಾಲೆ ಹಳೆ ಕಾರ್ಡ್ ಇದ್ರ ನನಗ ಹೇಳಿ ಕಳಸ್ರಿ. ಹರದಿದ್ರೂ ನಡೀತೈತಿ, ಇಲಿ ಕಡದಿದ್ರೂ ನಡೀತೈತಿ. ಕೊಡೂದೂ ಬ್ಯಾಡ, ನಾನ ಬಂದು ಓದ್ಕೊಂಡು ಹೋಗ್ತೇನಿ. ಒಲಿಗೆ ಮಾತ್ರ ಹಾಕಬ್ಯಾಡ್ರಿ."