ಉರಿಯದ ಮನೆಯ ಸೂರು

ನಮ್ಮೂರಿಗೆ ಬೆಂಕಿ ಬಿದ್ದ ದಿನ ನಮ್ಮ ಮನೆ ಸುಡಲಿಲ್ಲ. ಊರಿನವರೇ ಕೆಡವಿದರು.

ಆಗ ಯುದ್ಧದ ಕಾಲ. ಗಂಡ ಪಟಾಲಂ ಸೇರಿ ಹೋಗಿದ್ದ. ಮನೆಯಲ್ಲಿ ನಾನು, ಸೊಂಟ ಬಿದ್ದು ಮಂಚ ಹಿಡಿದ ಅತ್ತೆ, ಎರಡು ಮೇಕೆ. ಡೆಂಕಣಿಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಎಲ್ಲವೂ ಹುಲ್ಲಿನ ಮನೆ. ಒಂದು ಹತ್ತಿಕೊಂಡರೆ ನೀರು ಹೊಯ್ದು ಆರಿಸುವ ಮಾತಿಲ್ಲ. ಬೇಸಿಗೆಯಲ್ಲಿ ಹೊಯ್ಯಲು ನೀರೂ ಇರುತ್ತಿರಲಿಲ್ಲ. ಅದಕ್ಕೇ ಒಂದು ಕ್ರಮವಿತ್ತು. ಬೆಂಕಿ ಯಾವ ಕಡೆ ಹೊರಟಿದೆಯೆಂದು ನೋಡಿ, ಅದರ ದಾರಿಯಲ್ಲಿ ಇನ್ನೂ ಹತ್ತದ ಮನೆಯ ಸೂರನ್ನು ಎಳೆದು ಹಾಕುವುದು. ಬೆಂಕಿಗೆ ತಿನ್ನಲು ಏನೂ ಸಿಗಬಾರದು.

ಅಂದು ಮಧ್ಯಾಹ್ನ ಒಂದು ಹುಲ್ಲಿನ ಬಣವೆ ಹತ್ತಿಕೊಂಡಿತು. ಅದರ ಮೂಡಲಿಗೆ ನಮ್ಮ ಮನೆ, ಪಡುವಲಿಗೆ ಒಬ್ಬ ಮುದುಕನ ಮನೆ. ಕೂಗು ಕೇಳಿದ್ದೇ ಜನ ಬಂದರು, ಯಾರನ್ನೂ ಕರೆಯಬೇಕಾಗಲಿಲ್ಲ. ಮಾವಿನಕಾಯಿ ಕೀಳುವ ದೋಟಿ ಎಲ್ಲರ ಮನೆಯಲ್ಲೂ ಇತ್ತು, ಎಲ್ಲರೂ ಅದನ್ನೇ ಹಿಡಿದು ಬಂದರು. ಪಕ್ಕದ ಹಳ್ಳಿಯ ಕುಂಬಾರರು ತೆಲುಗಿನಲ್ಲಿ ನಮ್ಮನ್ನೆಲ್ಲ ಬಯ್ಯುತ್ತ ಓಡಿಬಂದರು.

ಗಾಳಿ ನೋಡಿದವನು ಆ ಮುದುಕನೇ. ಮಳೆ ಗಾಳಿ ತನ್ನನ್ನು ಕೇಳಿಯೇ ಬರುತ್ತವೆ ಎನ್ನುವ ಹಾಗೆ ಮಾತಾಡುವವನು. ಒಂದು ಹಿಡಿ ಹೊಟ್ಟು ತೂರಿ ನಮ್ಮ ಮನೆಯತ್ತ ಕೈ ತೋರಿಸಿದ.

“ಮೂಡ್ಲ ಕಡೀಕೇ ಬತ್ತದೆ ಕಣ್ರಲಾ. ಇದ್ನ ಕಿತ್ತಾಕ್ರಿ!”

“ಅತ್ತೆ ಒಳ್ಗವ್ಳೆ ಕಣಪ್ಪೋ!” ಎಂದೆ.

“ಮಂಚದ್ ಸಮೇತ ಎತ್ಕೊಂಬನ್ರಲಾ.”

ನಾಲ್ಕು ಜನ ಹೆಗಲು ಕೊಟ್ಟರು. “ಇನ್ನೂ ಸತ್ತಿಲ್ಲ, ಮೆಲ್ಲುಗೆ ಒರ್ರಿ,” ಎಂದಳು ಅತ್ತೆ. ಬೇವಿನ ಮರದಡಿ ಇಳಿಸಿದರು.

ಹತ್ತು ದೋಟಿ ಒಟ್ಟಿಗೆ ಬಿದ್ದವು. ಕಣ್ಣು ಮಿಟುಕಿಸುವಷ್ಟರಲ್ಲಿ ಸೂರು ನೆಲಕ್ಕೆ ಬಂತು. ಹುಲ್ಲನ್ನು ತುಳಿದು ಮಣ್ಣು ಮಾಡಿದರು. ಗೋಡೆ, ತೊಲೆ ನಿಂತಿದ್ದವು. ಆಮೇಲೆ ಗಾಳಿ ಪಡುವಲಿಗೆ ತಿರುಗಿ ಮುದುಕನ ಮನೆಯೇ ಹತ್ತಿಕೊಂಡಿತು. ಜನ ಆ ಕಡೆ ಓಡಿ ಅವನ ಬಾಣಂತಿ ಮಗಳನ್ನೂ ಕೂಸನ್ನೂ ಹೊರಗೆ ತಂದರು. ಅದರಾಚೆ ಬರೀ ಕಣವಿದ್ದುದರಿಂದ ಬೆಂಕಿ ಅಲ್ಲಿಗೇ ನಿಂತಿತು. ಎರಡು ಕೋಳಿ ಸುಟ್ಟುಹೋದವು. ಅವನ್ನು ಕುಂಬಾರರು ಒಯ್ದರು.

ಊರು ಕೆಡವಿದ ಸೂರನ್ನು ಊರೇ ಕಟ್ಟಿಕೊಡಬೇಕು, ಅದೂ ಎಲ್ಲಕ್ಕಿಂತ ಮೊದಲು. ಸುಟ್ಟ ಮನೆ ಆಮೇಲೆ. ಅದೂ ಕ್ರಮವೇ. ಮರುದಿನ ಬೆಳಿಗ್ಗೆ ಜನ ಕಾಡಂಚಿಗೆ ಹೋಗಿ ಹುಲ್ಲು ತಂದರು. ಆನೆಯ ಭಯಕ್ಕೆ ಒಬ್ಬ ಕೊಯ್ದರೆ ಇನ್ನೊಬ್ಬ ತಗಡು ಬಡಿಯಬೇಕಿತ್ತು. ಹಾಗಾಗಿ ಬಂದದ್ದು ಒಂದು ಮನೆಗಾಗುವಷ್ಟೇ. ಮೋಡ ಆಗಲೇ ಕಟ್ಟಿತ್ತು. ಅತ್ತೆ ಬಯಲಿನಲ್ಲೇ ಮಲಗಿದ್ದಳು.

ಮುದುಕ ಹುಲ್ಲಿನ ಮುಂದೆ ಬಂದು ನಿಂತ. “ಬೆಂಕಿ ಅವ್ರ ಕಡೀಕೆ ಬರ್ನೇ ಇಲ್ಲ. ಬರ್ದೆ ಇದ್ಮ್ಯಾಕೆ ಕ್ರಮ ಎಲ್ಲಿಂದ ಬತ್ತದೆ? ನಿಜ್ವಾಗ್ಲೂ ಸುಟ್ಟಿರೋದು ನನ್ಮನೆ. ಬಾಣಂತಿ ಅವ್ಳೆ. ಹುಲ್ಲು ನನ್ಗೆ.”

ಅವನ ಮಾತು ಸುಳ್ಳಲ್ಲ. ನನಗೇನೂ ಕನಿಕರ ಬರಲಿಲ್ಲ.

“ಕೀಳ್ರಿ ಅಂದೋನು ಯಾರು? ನಾನು ಕರ್ದಿದ್ನಾ? ನಿನ್ನ ಬಾಣಂತಿ ನಡೀತಾಳೆ, ನಮ್ಮತ್ತೆ ನಡ್ಯಾಕಿಲ್ಲ. ಒಂದು ಪೊರಕೆಗಾಗೋಷ್ಟೂ ಬಿಡಾಕಿಲ್ಲ, ಹೋಗು,” ಎಂದೆ.

“ಬೆಂಕಿ ಬರ್ನಿಲ್ಲ ಅನ್ನೋದೇ ನಮ್ ತಪ್ಪಾದ್ರೆ, ಒಂದ್ ಕೆಂಡ ತತ್ತಾರ್ಲಾ, ಈಗ್ಲೇ ಹಚ್ಕೋತೀನಿ,” ಎಂದಳು ಅತ್ತೆ ಮಂಚದಿಂದ.

ಜನ ನಕ್ಕರು. ಮುದುಕ ನಗಲಿಲ್ಲ. ಅತ್ತೆಯೂ ನಗದೆ ಅವನಿಗೆ ಹೇಳಿದಳು:

“ನಮ್ ಗೋಡೆ ನಿಂತವೆ. ಹೊತ್ ಮುಳ್ಗೋದ್ರಾಗೆ ಸೂರಾಯ್ತದೆ. ನಿನ್ ಗೋಡೆ ಬಿರ್ದೋಗವೆ, ತಿಂಗ್ಳಾದ್ರೂ ಬೇಕು. ದೊಡ್ಡೋರು ಕ್ರಮ ಮಾಡಿದ್ದು ಇವ್ಳು ಬಾಯಿ ಮಾಡ್ಲಿ ಅಂತಲ್ಲ ಕಣ್ಲಾ. ಮಳೆ ಬರಾಕ್ ಮುಂಚೆ ಒಂದು ಸೂರಾದ್ರೂ ಆಗ್ಲಿ, ಎಲ್ರೂ ಅದ್ರ ಕೆಳೀಕೆ ಬರ್ಲಿ ಅಂತ.”

ಆ ‘ಎಲ್ರೂ’ ಯಾರೆಂದು ನಾನು ಯೋಚಿಸಲಿಲ್ಲ. ಗೆದ್ದೆನೆಂದು ಹುಲ್ಲು ಹೊರಲು ಓಡಿದೆ.

ಕೊನೆಯ ಕಟ್ಟು ಬಿಗಿದು ಜನ ಇಳಿಯುವಾಗ ಹನಿ ಶುರುವಾಯಿತು. ಅತ್ತೆಯ ಮಂಚ ಒಳಗೆ ಬಂತು. ಅದರ ಹಿಂದೆಯೇ ಬಾಣಂತಿ, ಕೂಸು, ಮುದುಕ, ಅವನ ಹೆಂಡತಿ. ಯಾರೂ ನನ್ನನ್ನು ಕೇಳಲಿಲ್ಲ. ಒಲೆಯ ಪಕ್ಕದ ಬೆಚ್ಚನೆಯ ಜಾಗ ಬಾಣಂತಿಗೆ ಹೋಯಿತು. ಅಲ್ಲಿ ನಾನು ಮಲಗುತ್ತಿದ್ದೆ. ನಾನು ಮೇಕೆಗಳ ಕಡೆ ಹೋದೆ. ನಮ್ಮ ಮಡಕೆ ಇಬ್ಬರಿಗಾಗುವಷ್ಟೇ ದೊಡ್ಡದು. ಎಲ್ಲರಿಗೂ ಮುದ್ದೆ ಸಾಲಬೇಕಾದರೆ ಮೂರು ಸಲ ಎಸರಿಡಬೇಕಿತ್ತು. ಮುದುಕ ಉಪ್ಪು ಕಮ್ಮಿ ಎಂದ.

ಅವರ ಮನೆ ಏಳುವುದಕ್ಕೆ ಒಂದೂವರೆ ತಿಂಗಳು ಹಿಡಿಯಿತು. ಊರಿನವರು ಸರದಿಯಲ್ಲಿ ಬಂದು ಗೋಡೆ ಹಾಕಿದರು. ಸರದಿ ಇರಲಿ ಬಿಡಲಿ, ನಾನು ದಿನವೂ ಹೋಗಿ ಮಣ್ಣು ತುಳಿದೆ. ಎಷ್ಟು ಒಳ್ಳೆಯವಳು ಎಂದು ಜನ ಈಗಲೂ ಹೇಳುತ್ತಾರೆ. ಮುದುಕನ ಮನೆಯವರು ನಮ್ಮ ಮನೆಯಿಂದ ಬೇಗ ಹೋಗಲಿ ಎಂದು ತುಳಿದೆ, ಅಷ್ಟೆ.