ಒರೆಸಿದ ದೃಷ್ಟಿಬೊಟ್ಟು

ಕಟ್ಟುಕಥೆ ಅಂತ ನಗೋರು ನಗ್ಲಿ, ನನಗೇನೂ ಆಗ್ಬೇಕಾಗಿಲ್ಲ. ಕಂಡಿದ್ದು ನಾನು, ಮುಟ್ಟಿದ್ದು ನನ್ನ ಕೈ.

ತೊಂಬತ್ತರ ದಶಕದ ಕೊನೆ. ತುಮಕೂರಿನ ಒಂದು ಆಸ್ಪತ್ರೆಯ ಎಳೆಮಕ್ಕಳ ವಾರ್ಡಲ್ಲಿ ನಾನು ನರ್ಸ್. ಅವತ್ತು ರಾತ್ರಿ ಒಳಗಿದ್ದದ್ದು ಒಂದೇ ಮಗು, ಗುಬ್ಬಿ ಆಸ್ಪತ್ರೇಲಿ ಹುಟ್ಟಿ ನಮ್ಮಲ್ಲಿಗೆ ಬಂದ ಹೆಣ್ಣುಕೂಸು. ಹೃದಯ ಸರಿಯಾಗಿ ಬೆಳೆದಿರಲಿಲ್ಲ. ಡಾಕ್ಟರು ಸಂಜೇನೇ ಹೇಳಿದ್ರು, "ಇನ್ನು ಚುಚ್ಚೋದು ಬೇಡ ಸಿಸ್ಟರ್. ನೋವಾಗದ ಹಾಗೆ ಬೆಚ್ಚಗಿಡಿ. ತಾಯಿನ ಕರೆಸಿ, ಇರೋವಷ್ಟು ಹೊತ್ತು ಮಡಿಲಲ್ಲಿರ್ಲಿ."

ತಾಯಿ ಎಲ್ಲಿ? ಇನ್ನೂ ಗುಬ್ಬಿಯಲ್ಲೇ! ಹೊರಗೆ ಬೆಂಚಲ್ಲಿ ಕೂತಿದ್ದೋರು ಅವಳ ಗಂಡ, ಅತ್ತೆ.

"ಅಮ್ಮಾ, ಸೊಸೇನ ಕರೆಸಿ ಅಂದ್ನಲ್ಲ?"

"ಹಸಿ ಬಾಣಂತಿ ಕಣವ್ವ," ಅಂದ್ಳು ಅತ್ತೆ. "ಗಾಳಿ ಸೋಕುದ್ರೆ ಸನ್ನಿ ಆಯ್ತದೆ. ಕೂಸು ಚೆಂದಾಗದೆ ಅಂತ ಹೇಳಿವ್ನಿ, ಸುಮ್ಕಿರ್ಲಿ ಬುಡು."

ಗಂಡ ನೆಲ ನೋಡ್ತಾ ಕೂತಿದ್ದ. ನನಗೆ ಮೈಯೆಲ್ಲಾ ಉರಿದುಹೋಯ್ತು. ಎಷ್ಟು ಸಲ ಬಡ್ಕೊಳ್ಳೋದು? ಗೋಡೆಗೆ ಹೇಳಿದ್ರೂ ಅಷ್ಟೇ, ಇವ್ರಿಗೆ ಹೇಳಿದ್ರೂ ಅಷ್ಟೇ.

ಒಳಗೆ ಬಂದು ಚಿಲಕ ಹಾಕ್ದೆ. ನೋಡ್ತೀನಿ... ಮಗು ಕೆನ್ನೆ ಮೇಲೆ ಕಪ್ಪು ದೃಷ್ಟಿಬೊಟ್ಟು!

ನಮ್ಮ ವಾರ್ಡಲ್ಲಿ ಕಾಡಿಗೆ ಹಚ್ಚೋ ಹಾಗೇ ಇಲ್ಲ. ಆಯಾ ಸಿದ್ದಮ್ಮನ ಮೇಲೆ ರೇಗಿದೆ. "ನೀನಿಟ್ಯಾ?"

"ನನ್ನಾಣೆಗೂ ಇಲ್ಲ ಸಿಸ್ಟರ್."

ಒದ್ದೆ ಹತ್ತೀಲಿ ಒರೆಸಿದೆ. ಮಗು ನರಳ್ತಾನೇ ಇತ್ತು.

ಸ್ವಲ್ಪ ಹೊತ್ತಿಗೆ... ಗಾಜಿನ ಬಳೆ ಸದ್ದು. ನಾವಿಬ್ರೂ ಡ್ಯೂಟೀಲಿ ಬಳೆ ತೊಡ್ತಿರಲಿಲ್ಲ. ಜೊತೆಗೆ ಕಾಡಿಗೆ ಹಿಡಿಯೋ ಹರಳೆಣ್ಣೆ ದೀಪದ ಕಮಟು ವಾಸನೆ... ಬೆಂಕಿಪೊಟ್ಟಣ ಕೂಡ ತರಬಾರದ ವಾರ್ಡು ಅದು! ಎದ್ದು ನೋಡಿದ್ರೆ ಅದೇ ಕೆನ್ನೆ, ಅದೇ ಜಾಗ... ಬೊಟ್ಟು. ಇನ್ನೂ ಹಸಿಯಾಗಿತ್ತು, ಬೆರಳಿಗೆ ಅಂಟ್ಕೊಳ್ತು.

ಮತ್ತೆ ಒರೆಸಿದೆ. ಈ ಸಲ ಅಲ್ಲಿಂದ ಕಣ್ಣು ಕೀಳಲಿಲ್ಲ. ಫಟ್ ಅಂತ ಕರೆಂಟು ಹೋಯ್ತು... ಕತ್ತಲಲ್ಲಿ ಬಳೆ ಸದ್ದು, ನನ್ನ ಪಕ್ಕದಲ್ಲೇ... ಜನರೇಟರ್ ಶುರುವಾಗಿ ಲೈಟ್ ಬಂದಾಗ ಮೂರನೇ ಬೊಟ್ಟು. ಅಷ್ಟು ಹೊತ್ತು ನರಳ್ತಿದ್ದ ಕೂಸು ಹಾಯಾಗಿ ಮಲಗಿತ್ತು.

ಒರೆಸೋ ಧೈರ್ಯ ಬರಲಿಲ್ಲ. ಹೊರಗೋಗಿ ಗಂಡನ ಮೇಲೆ ಕೂಗಾಡಿದೆ. "ಏನಯ್ಯಾ, ನಾಳೆ ಅವಳು ಕೇಳಿದ್ರೆ ಯಾವ ಮುಖ ಇಟ್ಕೊಂಡು ಹೇಳ್ತೀಯ? ಎದ್ದು ಹೋಗಿ ಕರ್ಕೊಂಡ್ ಬಾ!"

ಅತ್ತೆ ಅಡ್ಡ ಬಾಯಿ ಹಾಕಿದ್ಳು. ಅವನು ಮೊದಲ ಸಲ ಬಾಯಿಬಿಟ್ಟು, "ಸುಮ್ಕಿರವ್ವ!" ಅಂತ ತಾಯಿಗೆ ಗದರಿ ಓಡಿದ.

ಬೆಳಕು ಹರಿಯೋ ಹೊತ್ತಿಗೆ ತಾಯಿ ಬಂದ್ಳು. ತಲೆಗೆ ಸೆರಗು ಸುತ್ಕೊಂಡು, ಹೊಲಿಗೆ ನೋವಿಗೆ ಬಗ್ಗಿ ಬಗ್ಗಿ ನಡೀತಿದ್ಳು. ಕೂಸನ್ನ ಮಡಿಲಿಗೆ ಕೊಟ್ಟೆ. ಉಸಿರಿತ್ತು. ಒಂದು ತೊಟ್ಟು ಹಾಲು ತುಟಿಗೆ ಸವರಿದ್ಳು. ಆಮೇಲೆ ನಿಧಾನಕ್ಕೆ... ಅವಳ ಎದೆ ಮೇಲೇ ಉಸಿರು ನಿಂತೋಯ್ತು.

ಅವಳು ಅಳಲಿಲ್ಲ. ಬೊಟ್ಟಿನ ಸುತ್ತ ಬೆರಳಾಡಿಸ್ತಾ ನನ್ನ ನೋಡಿದ್ಳು.

"ಎರಡು ಸಲ ಒರಸ್ಬುಟ್ರಿ ಅಲ್ವಾ ಸಿಸ್ಟರ್... ಮೂರನೇದು ಉಳಿಸಿದ್ರಿ."

ನಾನಾಗ್ಲಿ ಸಿದ್ದಮ್ಮನಾಗ್ಲಿ ಆ ವಿಷಯ ಯಾರ ಹತ್ರಾನೂ ಬಾಯಿಬಿಟ್ಟಿರಲಿಲ್ಲ. ಅವಳ ಉಂಗುರದ ಬೆರಳ ತುದಿ ಕಪ್ಪಾಗಿತ್ತು.

ಈಗ್ಲೂ ಎಳೆಕೂಸಿನ ಕೆನ್ನೇಲಿ ಬೊಟ್ಟು ಕಂಡ್ರೆ ನನ್ನ ಕೈ ತಾನಾಗೇ ಹಿಂದಕ್ಕೆ ಹೋಗುತ್ತೆ. ಆ ಸಿಟ್ಟೂ ಇಳಿದಿಲ್ಲ. ಸಂಜೇನೇ ಕರೆಸಿದ್ರೆ ರಾತ್ರಿಯೆಲ್ಲಾ ಮಗಳು ಮಡಿಲಲ್ಲಿರ್ತಿದ್ಳು. ಆ ತಾಯಿ ಗುಬ್ಬಿಯಲ್ಲಿದ್ದುಕೊಂಡೇ ಮೂರು ಸಲ ಹಾಗೆ ಬರ್ಬೇಕಾಗಿತ್ತಾ?