ಜಾರದ ಸಂಖ್ಯೆಗಾಗಿ ಕಾಯುವ ಅಕ್ಕ

ಬೆಳಗಿನ ಐದೂವರೆ. ಗಣಿತ ವಿಭಾಗದ ನೆಲಮಾಳಿಗೆಯಲ್ಲಿ ಯಂತ್ರಗಳು ಗುಂಯ್‌ಗುಡುತ್ತಿವೆ. ಎ.ಸಿ.ಯ ಚಳಿಗೆ ಎರಡು ಜೊತೆ ಕಾಲುಚೀಲ ಏರಿಸಿಕೊಂಡ ಅಕ್ಕ ಪರದೆಗೆ ಕಣ್ಣು ನೆಟ್ಟು ಕೂತಿದ್ದಾರೆ. ಎಲ್ಲರೂ ಅಕ್ಕ ಎಂದೇ ಕರೆಯುವ ಇವರು ಇಪ್ಪತ್ತಾರು ವರ್ಷದಿಂದ ಇಲ್ಲಿ ಸಹಾಯಕ ಆಪರೇಟರ್. ಯಾರಿಗೆ ಸಹಾಯಕರು ಎಂದು ಇದುವರೆಗೆ ಯಾರೂ ಹೇಳಿಲ್ಲ.

ಇವರು ಕಾಯುತ್ತಿರುವುದು ಹಳೆಯದೊಂದು ಪ್ರಶ್ನೆಯ ಉತ್ತರಕ್ಕೆ. ನಯವಾಗಿ ಹರಿಯುವ ನೀರಿನ ಸುಳಿ, ಸಮೀಕರಣಗಳ ಪ್ರಕಾರ, ಬಿಗಿಯಾಗುತ್ತಾ ಹೋಗಿ ಒಂದು ಗಳಿಗೆಯಲ್ಲಿ ಅನಂತ ವೇಗದಲ್ಲಿ ತಿರುಗೀತೇ? “ಬಚ್ಚಲಲ್ಲಿ ನೀರು ಸುತ್ಕೊಂಡು ಇಳಿಯುತ್ತಲ್ಲ, ಹಾಗೇ. ಆದ್ರೆ ಇಲ್ಲಿ ಲೆಕ್ಕವೇ ಮುರಿದುಬೀಳ್ಬೇಕು,” ಎನ್ನುತ್ತಾರೆ ಅಕ್ಕ.

ವಿಭಾಗದ ಪ್ರೊಫೆಸರರ ಲೆಕ್ಕ ೪.೧೭ನೇ ಗಳಿಗೆಯಲ್ಲಿ ಮುರಿಯುತ್ತಿದೆ, ಅಂದರೆ ಉತ್ತರ ‘ಹೌದು’. ಶುಕ್ರವಾರ ಅವರ ನಿವೃತ್ತಿ. ಅಂದಿನ ಭಾಷಣದಲ್ಲೇ ಇದನ್ನು ಘೋಷಿಸುವ ಆಸೆ ಅವರಿಗೆ.

ಕಂಪ್ಯೂಟರ್ ನೀರನ್ನು ಪುಟ್ಟ ಚೌಕಗಳಾಗಿ ಕತ್ತರಿಸಿ ಲೆಕ್ಕ ಹಾಕುತ್ತದೆ. ಚೌಕಗಳನ್ನು ಅರ್ಧಕ್ಕಿಳಿಸಿ ಮತ್ತೆ ಓಡಿಸುವುದು ಅಕ್ಕನ ಪಟ್ಟು. ಮುರಿಯುವ ಗಳಿಗೆ ಅಲುಗದಿದ್ದರೆ ನಂಬಬಹುದು. ಜಾರಿದರೆ ದೋಷ ಚೌಕದ್ದು. ಹನ್ನೊಂದು ವರ್ಷದ ಹಿಂದೆ ಇವರು ಚೌಕ ಚಿಕ್ಕದು ಮಾಡಿ, ಅದಕ್ಕೆ ತಕ್ಕಂತೆ ಕಾಲದ ಹೆಜ್ಜೆಯನ್ನು, ಅಂದರೆ ಲೆಕ್ಕ ಒಂದು ಸಲಕ್ಕೆ ಮುಂದೆ ಸಾಗುವ ಕಾಲವನ್ನು, ಚಿಕ್ಕದು ಮಾಡಲು ಮರೆತಿದ್ದರು. ಬಂದ ಸಂಖ್ಯೆಯನ್ನು ನಂಬಿ ಪ್ರೊಫೆಸರ್ ತುಂಬಿದ ಸಭೆಯಲ್ಲಿ ಘೋಷಿಸಿ, ಅದು ತಪ್ಪೆಂದು ಗೊತ್ತಾಗಿ ತಿಂಗಳಲ್ಲೇ ತಲೆ ತಗ್ಗಿಸಬೇಕಾಯಿತು. “ಒಂದು ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು,” ಎನ್ನುತ್ತಾರೆ ಅಕ್ಕ.

ಈ ಸಲ ಮೂರು ಬಾರಿ ಓಡಿಸಿದಾಗಲೂ ಸಂಖ್ಯೆ ಅಲುಗಲಿಲ್ಲ. ಅಕ್ಕ ನಾಲ್ಕನೆಯದಕ್ಕೆ ಕೈಹಾಕಿದಾಗ ಮನೆಯಲ್ಲಿ ತಂಗಿ ರೇಗಿದ್ದಳಂತೆ: “ಸಾಕು ಬಿಡೇ! ರಿಟೈರ್ ಆಗೋ ಹೊತ್ತಲ್ಲಿ ಅವರ ಬಾಯಿಗೆ ಮಣ್ಣು ಹಾಕ್ತೀಯಾ?” ಹನ್ನೊಂದು ದಿನ ಓಡಿದ ಆ ಲೆಕ್ಕ ಇಂದು ಮುಗಿಯುತ್ತದೆ.

ಪರದೆಯ ಮೇಲೆ ೪.೨೩. ಅಕ್ಕ ಕಾಲದ ಹೆಜ್ಜೆಯನ್ನು ಎರಡೆರಡು ಸಲ ನೋಡುತ್ತಾರೆ. ಈ ಬಾರಿ ಮರೆತಿಲ್ಲ.

ಎಂಟಕ್ಕೆ ಪ್ರೊಫೆಸರ್ ಚಹಾದ ಫ್ಲಾಸ್ಕ್ ಹಿಡಿದು ಬರುತ್ತಾರೆ.

“ಜಾರಿತು ಸಾರ್.”

ಅವರು ಕುರ್ಚಿಯಲ್ಲಿ ಕುಸಿಯುತ್ತಾರೆ. ಆಮೇಲೆ ಭಾಷಣದ ಹಾಳೆಗಳನ್ನು ಮಡಚಿ ಜೇಬಿಗಿಟ್ಟು, ಮೊದಲ ಲೋಟದ ಚಹಾವನ್ನು ಅಕ್ಕನಿಗೇ ಕೊಡುತ್ತಾರೆ. “ಈ ಸಲ ಸಭೆಗೆ ಹೋಗೋ ಮುಂಚೆ ಹೇಳಿದೆಯಲ್ಲಮ್ಮ. ದೊಡ್ಡ ಉಪಕಾರ.”

ಅವರು ಹೋದ ಮೇಲೆ ಅಕ್ಕ ಅತ್ತುಬಿಡುತ್ತಾರೆ. ಸೆರಗಿನಿಂದ ಮುಖ ಒರೆಸಿಕೊಂಡು, ಇನ್ನೂ ಸಣ್ಣ ಚೌಕಗಳ ಐದನೇ ಓಟ ಶುರು ಮಾಡುತ್ತಾರೆ.

“ನನ್ನ ಹೆಸರು ಎಲ್ಲೂ ಬರೋದು ಬೇಡ. ಜಾರದೇ ಇರೋ ಒಂದು ಸಂಖ್ಯೆ ನೋಡ್ಬೇಕು, ಅಷ್ಟೇ. ಅದು ಸಿಕ್ಕಿದ ದಿನ ಫ್ಲಾಸ್ಕ್ ಹಿಡ್ಕೊಂಡು ಅವರ ಮನೆಗೆ ನಾನೇ ಹೋಗ್ತೀನಿ.”